ಆಕಾಶದ ಕಲ್ಲು, ಭೂಮಿಯ ವಯಸ್ಸು, ಸೀಸದ ಧೂಳು

(ಅಕ್ಕಲಕೋಟ ತಾಲ್ಲೂಕಿನ ಕನ್ನಡ ಕಲಿಕಾ ಕೇಂದ್ರಗಳ ನವಸಾಕ್ಷರರ ಮುಂದೆ ಸಂಯೋಜಕರು ಆಡಿದ ಮಾತು)



ಸೂರ್ಯ, ಚಂದ್ರ, ಭೂಮಿಯ ಪಾಠ ಓದಿದ ಮೇಲೆ ನಿಮ್ಮಲ್ಲಿ ಹಲವರು ಎರಡು ಪ್ರಶ್ನೆ ಕೇಳಿದ್ರಿ. ಒಂದು: ರಾತ್ರಿ ಹೊತ್ತು ಆಕಾಶದಿಂದ ಚುಕ್ಕಿ ಉದುರುತ್ತದಲ್ಲ, ಅದು ಏನು? ಎರಡು: ಈ ಭೂಮಿಗೆ ವಯಸ್ಸು ಎಷ್ಟು, ಅದನ್ನು ಹೇಗೆ ಲೆಕ್ಕ ಹಾಕಿದರು? ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒಬ್ಬ ವಿಜ್ಞಾನಿಯ ಬದುಕಿನಲ್ಲಿ ಒಟ್ಟಿಗೇ ಸಿಗುತ್ತದೆ. ಅವರ ಹೆಸರು ಕ್ಲೇರ್ ಪ್ಯಾಟರ್ಸನ್. ಅಮೆರಿಕ ದೇಶದವರು. ಅವರು ಆಕಾಶದಿಂದ ಬಿದ್ದ ಕಲ್ಲನ್ನು ಪರೀಕ್ಷೆ ಮಾಡಲು ಹೋದರು. ಭೂಮಿಯ ವಯಸ್ಸು ಸಿಕ್ಕಿತು. ಅದರ ಜೊತೆಗೆ ಮನುಷ್ಯರ ಮೈಯೊಳಗೆ ಸೇರುತ್ತಿದ್ದ ಒಂದು ವಿಷವೂ ಸಿಕ್ಕಿತು. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

ಉದುರುವ ಚುಕ್ಕಿ ಅಂದರೆ ಏನು?

ಆಕಾಶದ ಚುಕ್ಕಿ ನಿಜವಾಗಿ ಕೆಳಗೆ ಬೀಳುವುದಿಲ್ಲ. ಚುಕ್ಕಿ ಅಂದರೆ ನಮ್ಮ ಸೂರ್ಯನಂಥದೇ ಬಹಳ ದೊಡ್ಡ ಬೆಂಕಿಯ ಗೋಳ. ಅದು ಭೂಮಿ ಮೇಲೆ ಬಿದ್ದರೆ ಭೂಮಿಯೇ ಉಳಿಯುವುದಿಲ್ಲ. ಹಾಗಾದರೆ ಬೀಳುವುದು ಏನು? ಬಾಹ್ಯಾಕಾಶದಲ್ಲಿ ಸುತ್ತುತ್ತಿರುವ ಸಣ್ಣ ಕಲ್ಲು, ಕಬ್ಬಿಣದ ತುಂಡು, ಮರಳಿನ ಕಣ. ಅದು ಭೂಮಿಯ ಗಾಳಿಯೊಳಗೆ ಬಲು ವೇಗದಿಂದ ನುಗ್ಗುತ್ತದೆ. ಆ ವೇಗಕ್ಕೆ ಕಾದು ಉರಿಯುತ್ತದೆ. ಆ ಬೆಳಕಿನ ಗೆರೆಯೇ ನಮಗೆ ಕಾಣುವ ಉಲ್ಕೆ. ಹೆಚ್ಚಿನವು ಮೇಲೆಯೇ ಉರಿದು ಬೂದಿಯಾಗುತ್ತವೆ. ಎಲ್ಲೋ ಒಂದೊಂದು ಪೂರ್ತಿ ಉರಿಯದೆ ನೆಲಕ್ಕೆ ಬೀಳುತ್ತದೆ. ಅದಕ್ಕೆ ಉಲ್ಕಾಶಿಲೆ ಎನ್ನುತ್ತಾರೆ. ಅದರ ಹೊರಗೆ ಸುಟ್ಟ ಕರಿ ಸಿಪ್ಪೆ ಇರುತ್ತದೆ. ಕೈಗೆತ್ತಿಕೊಂಡರೆ ಅಷ್ಟೇ ಗಾತ್ರದ ಬೇರೆ ಕಲ್ಲಿಗಿಂತ ಭಾರ ಅನಿಸುತ್ತದೆ. ಹೆಚ್ಚಿನವಕ್ಕೆ ಅಯಸ್ಕಾಂತ ಅಂಟುತ್ತದೆ, ಯಾಕಂದರೆ ಒಳಗೆ ಕಬ್ಬಿಣ ಇರುತ್ತದೆ.

ದೊಡ್ಡ ಉಲ್ಕೆ ಬಿದ್ದರೆ ನೆಲವೇ ಕುಳಿ ಬೀಳುತ್ತದೆ. ಅಂಥ ಕುಳಿ ನೋಡಲು ನಾವು ಪರದೇಶಕ್ಕೆ ಹೋಗಬೇಕಿಲ್ಲ. ನಮ್ಮ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ ಸರೋವರ ಅಂಥದೇ ಕುಳಿ. ಬಹಳ ಹಿಂದೆ ಉಲ್ಕೆ ಬಡಿದು ಕರಿಕಲ್ಲಿನ ನೆಲದಲ್ಲಿ ಸುಮಾರು 1,800 ಮೀಟರ್ ಅಗಲದ ಬಟ್ಟಲು ಆಯಿತು. ಅದರಲ್ಲಿ ನೀರು ನಿಂತಿದೆ, ನೀರು ಉಪ್ಪು. 2020ರ ಜೂನ್ ತಿಂಗಳಲ್ಲಿ ಆ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಪೇಪರಿನಲ್ಲಿ ಫೋಟೋ ಬಂದಿದ್ದು ಕೆಲವರಿಗೆ ನೆನಪಿರಬಹುದು.

ಅಮೆರಿಕದ ಅರಿಜೋನಾ ರಾಜ್ಯದಲ್ಲೂ ಇಂಥ ಒಂದು ಕುಳಿ ಇದೆ. ಸುಮಾರು 50 ಸಾವಿರ ವರ್ಷಗಳ ಹಿಂದೆ ಅಲ್ಲಿ ಕಬ್ಬಿಣದ ಉಲ್ಕೆಯೊಂದು ಬಿತ್ತು. ಕುಳಿಯ ಅಗಲ ಸುಮಾರು 1,200 ಮೀಟರ್. ಆ ಉಲ್ಕೆಯ ತುಂಡುಗಳಿಗೆ ಹತ್ತಿರದ ಕಣಿವೆಯ ಹೆಸರಿನಿಂದ ಕ್ಯಾನ್ಯನ್ ಡಯಾಬ್ಲೊ ಎಂದು ಹೆಸರು. ಈ ಹೆಸರು ಸ್ವಲ್ಪ ನೆನಪಿಡ್ರಿ. ಮುಂದೆ ಬೇಕಾಗುತ್ತದೆ.

ಸೂರ್ಯನ ಸಂಸಾರ ಹುಟ್ಟಿದ್ದು

ಬಹಳ ಹಿಂದೆ ಸೂರ್ಯ ಇರಲಿಲ್ಲ, ಭೂಮಿಯೂ ಇರಲಿಲ್ಲ. ಅನಿಲ ಮತ್ತು ಧೂಳು ತುಂಬಿದ ಒಂದು ದೊಡ್ಡ ಮೋಡ ಇತ್ತು. ಆ ಮೋಡ ತನ್ನ ಭಾರಕ್ಕೆ ತಾನೇ ಕುಸಿಯಿತು. ನಡುವೆ ಒಟ್ಟುಗೂಡಿದ್ದು ಸೂರ್ಯ ಆಯಿತು. ಸುತ್ತಲೂ ತಿರುಗುತ್ತಿದ್ದ ಧೂಳು ಒಂದಕ್ಕೊಂದು ಅಂಟಿ ಕಣವಾಯಿತು. ಕಣ ಸೇರಿ ಕಲ್ಲಾಯಿತು. ಕಲ್ಲು ಸೇರಿ ಗುಂಡು, ಗುಂಡು ಸೇರಿ ಬುಧ, ಶುಕ್ರ, ಭೂಮಿ, ಮಂಗಳ ಆದವು.

ರೊಟ್ಟಿ ಬಡಿದು ಮುಗಿದ ಮೇಲೆ ಪರಾತದಲ್ಲಿ ಸ್ವಲ್ಪ ಹಿಟ್ಟು ಉಳಿಯುತ್ತದಲ್ರೀ? ಹಾಗೆಯೇ ಗ್ರಹಗಳು ಆದ ಮೇಲೂ ಸ್ವಲ್ಪ ಕಲ್ಲು ಧೂಳು ಉಳಿಯಿತು. ಅದರಲ್ಲಿ ಬಹುಪಾಲು ಮಂಗಳ ಮತ್ತು ಗುರು ಗ್ರಹಗಳ ನಡುವೆ ಇಂದಿಗೂ ಸುತ್ತುತ್ತಿದೆ. ನಮ್ಮ ಕಡೆ ಬೀಳುವ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಅಲ್ಲಿಂದ ಬಂದವು.

ಭೂಮಿ ಮೇಲಿನ ಕಲ್ಲು ಮೊದಲು ಇದ್ದ ಹಾಗೆ ಉಳಿದಿಲ್ಲ. ಜ್ವಾಲಾಮುಖಿ ಅದನ್ನು ಕರಗಿಸಿದೆ. ಮಳೆ, ಗಾಳಿ, ಹೊಳೆ ಅದನ್ನು ಸವೆಸಿವೆ. ನಮ್ಮ ಸೊಲ್ಲಾಪುರ ಜಿಲ್ಲೆಯ ಎರೆ ಹೊಲದ ಕೆಳಗೆ ಕರಿಕಲ್ಲು ಇದೆಯಲ್ಲ, ಅದು ಭೂಮಿ ಬಿರುಕು ಬಿಟ್ಟು ಹರಿದು ಬಂದ ಕಾದ ರಸ. ಆರಿ ಗಟ್ಟಿಯಾಗಿ ಸುಮಾರು 6 ಕೋಟಿ 60 ಲಕ್ಷ ವರ್ಷ ಆಯಿತು. ಕರ್ನಾಟಕದ ಹಾಸನ ಜಿಲ್ಲೆಯ ಗೊರೂರು ಬಳಿ ಇರುವ ಕಲ್ಲು ಇನ್ನೂ ಹಳೆಯದು, 330 ಕೋಟಿ ವರ್ಷಕ್ಕೂ ಹಿಂದಿನದು. ಆದರೆ ಅದೂ ಮೊದಲ ದಿನದ ಕಲ್ಲಲ್ಲ. ಭೂಮಿ ಹುಟ್ಟಿದ ದಿನದ ಕಲ್ಲು ಭೂಮಿ ಮೇಲೆ ಉಳಿದೇ ಇಲ್ಲ. ಪರಾತದ ಹಿಟ್ಟಿನ ಹಾಗೆ ಹೊರಗೆ ಉಳಿದ ಉಲ್ಕಾಶಿಲೆಯನ್ನೇ ಕೇಳಬೇಕು. ಅದಕ್ಕಾಗಿಯೇ ವಿಜ್ಞಾನಿಗಳು ಆಕಾಶದ ಕಲ್ಲಿನ ಬೆನ್ನು ಹತ್ತಿದರು.

ಕಲ್ಲಿನೊಳಗಿನ ಗಡಿಯಾರ

ಕಲ್ಲಿಗೆ ಬಾಯಿ ಇಲ್ಲ. ಅದರ ವಯಸ್ಸು ತಿಳಿಯುವುದು ಹೇಗೆ? ಒಂದು ಉದಾಹರಣೆ ಹೇಳುತ್ತೇನೆ.

ಹಗೇವಿನಲ್ಲಿ ಜೋಳ ತುಂಬಿ ಮುಚ್ಚಿದ್ದೀರಿ ಅಂತ ತಿಳೀರಿ. ಅದಕ್ಕೆ ನುಸಿ ಹತ್ತಿತು. ನುಸಿ ದಿನವೂ ಒಂದೇ ಲೆಕ್ಕದಲ್ಲಿ ಜೋಳ ತಿಂದು ಹುಡಿ ಮಾಡುತ್ತದೆ. ಎಷ್ಟೋ ಕಾಲ ಆದ ಮೇಲೆ ಹಗೇವು ತೆರೆದಿರಿ. ಎಷ್ಟು ಕಾಳು ಉಳಿದಿದೆ, ಎಷ್ಟು ಹುಡಿ ಆಗಿದೆ ಎಂದು ಅಳೆದರೆ, ಎಷ್ಟು ಕಾಲದಿಂದ ನುಸಿ ತಿನ್ನುತ್ತಿದೆ ಎಂದು ಹೇಳಬಹುದು.

ಕಲ್ಲಿನೊಳಗೆ ಕಾಳಿನ ಜಾಗದಲ್ಲಿ ಇರುವುದು ಯುರೇನಿಯಂ ಎಂಬ ಲೋಹ. ಹುಡಿಯ ಜಾಗದಲ್ಲಿ ಇರುವುದು ಸೀಸ. ಯುರೇನಿಯಂ ತನ್ನಷ್ಟಕ್ಕೆ ತಾನೇ, ಬಹಳ ನಿಧಾನವಾಗಿ, ಸೀಸವಾಗಿ ಬದಲಾಗುತ್ತದೆ. ಯುರೇನಿಯಂನಲ್ಲಿ ಎರಡು ಮುಖ್ಯ ಬಗೆ. ಒಂದು ಬಗೆಯಲ್ಲಿ ಅರ್ಧ ಪಾಲು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಇನ್ನೊಂದರಲ್ಲಿ ಅರ್ಧ ಪಾಲಿಗೆ ಸುಮಾರು 70 ಕೋಟಿ ವರ್ಷ ಸಾಕು. ಬಿಸಿಲು, ಮಳೆ, ಚಳಿ ಏನೇ ಇರಲಿ, ಈ ಲೆಕ್ಕ ತಪ್ಪುವುದಿಲ್ಲ.

ಆದರೆ ಇಲ್ಲಿ ಒಂದು ತೊಡಕು ಇದೆ. ಹಗೇವಿಗೆ ಜೋಳ ತುಂಬುವಾಗಲೇ ಅದರಲ್ಲಿ ಸ್ವಲ್ಪ ಹುಡಿ ಇದ್ದರೆ? ನುಸಿ ಮಾಡಿದ ಹುಡಿ ಯಾವುದು, ಮೊದಲೇ ಇದ್ದ ಹುಡಿ ಯಾವುದು? ಇದಕ್ಕೆ ಒಂದು ಉಪಾಯ ಇದೆ. ಅದೇ ಖಣದ ಜೋಳವನ್ನು ಅದೇ ದಿನ ಇನ್ನೊಂದು ಹಗೇವಿಗೂ ತುಂಬಿದ್ದರೆ, ಆ ಹಗೇವಿಗೆ ನುಸಿ ಹತ್ತದೆ ಇದ್ದರೆ, ಅದರಲ್ಲಿ ಇರುವ ಹುಡಿಯೇ ಮೊದಲಿನ ಹುಡಿ. ಅದನ್ನು ಕಳೆದರೆ ಲೆಕ್ಕ ಸರಿ ಬರುತ್ತದೆ.

ನುಸಿ ಹತ್ತದ ಆ ಹಗೇವು ಕಬ್ಬಿಣದ ಉಲ್ಕೆಯಲ್ಲಿ ಸಿಕ್ಕಿತು. ಆಗಲೇ ಹೇಳಿದ ಕ್ಯಾನ್ಯನ್ ಡಯಾಬ್ಲೊ ಉಲ್ಕೆಯೊಳಗೆ ಕಬ್ಬಿಣ ಮತ್ತು ಗಂಧಕ ಸೇರಿದ ಒಂದು ಖನಿಜ ಇದೆ. ಅದರಲ್ಲಿ ಸೀಸ ಇದೆ, ಯುರೇನಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಅದರ ಸೀಸಕ್ಕೆ ಹೊಸ ಸೀಸ ಸೇರಿಲ್ಲ. ಸೂರ್ಯನ ಸಂಸಾರ ಹುಟ್ಟಿದಾಗ ಹೇಗಿತ್ತೋ ಇಂದಿಗೂ ಹಾಗೇ ಇದೆ. ಅದನ್ನು ಅಳೆದರೆ ಭೂಮಿಯ ವಯಸ್ಸಿನ ಬೀಗಕ್ಕೆ ಕೀಲಿಕೈ ಸಿಕ್ಕ ಹಾಗೆ.

ತಪ್ಪುತ್ತಿದ್ದ ಲೆಕ್ಕ

ಪ್ಯಾಟರ್ಸನ್ 1922ರ ಜೂನ್ 2ರಂದು ಅಯೋವಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಹುಟ್ಟಿದರು. ಅವರ ತಂದೆ ಅಂಚೆಯವರು. ತಾಯಿ ಮಗನಿಗೆ ರಸಾಯನ ಪ್ರಯೋಗದ ಒಂದು ಪೆಟ್ಟಿಗೆ ಕೊಡಿಸಿದ್ದರು. ಅದರಿಂದಲೇ ಹುಡುಗನಿಗೆ ವಿಜ್ಞಾನದ ಹುಚ್ಚು ಹಿಡಿಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಓದಲು ಬಂದರು. ಅಲ್ಲಿ ಅವರ ಗುರು ಹ್ಯಾರಿಸನ್ ಬ್ರೌನ್. ಬ್ರೌನ್ ಅವರು ಇಬ್ಬರು ವಿದ್ಯಾರ್ಥಿಗಳಿಗೆ ಕೆಲಸ ಹಂಚಿದರು. ಕಲ್ಲಿನೊಳಗಿನ ಸಣ್ಣ ಹರಳಿನಲ್ಲಿ ಯುರೇನಿಯಂ ಎಷ್ಟಿದೆ ಅಂತ ಜಾರ್ಜ್ ಟಿಲ್ಟನ್ ಅಳೆಯಬೇಕು. ಸೀಸ ಎಷ್ಟಿದೆ ಅಂತ ಪ್ಯಾಟರ್ಸನ್ ಅಳೆಯಬೇಕು. ಇದು ಸುಲಭದ ಕೆಲಸ ಅಂತ ಗುರು ಹೇಳಿದ್ದರು.

ಟಿಲ್ಟನ್ ಅವರ ಲೆಕ್ಕ ಸರಿ ಬಂತು. ಪ್ಯಾಟರ್ಸನ್ ಲೆಕ್ಕ ಬರಲಿಲ್ಲ. ಇರಬೇಕಾದ್ದಕ್ಕಿಂತ ಬಹಳ ಪಟ್ಟು ಹೆಚ್ಚು ಸೀಸ ಸಿಗುತ್ತಿತ್ತು. ಪ್ರತಿ ಸಲ ಅಳೆದಾಗಲೂ ಬೇರೆ ಬೇರೆ ಅಂಕಿ. ಕಲ್ಲಿನಲ್ಲಿ ಇಲ್ಲದ ಸೀಸ ಬಂತು ಎಲ್ಲಿಂದ?

ಮತ್ತೆ ಹಗೇವಿನ ಮಾತಿಗೆ ಬರೋಣ. ಗಾಳಿ ಬೀಸುವಾಗ ಹಗೇವು ತೆರೆದು, ರಸ್ತೆಯ ಧೂಳು ಒಳಗೆ ಬಿದ್ದರೆ ಹುಡಿಯ ಲೆಕ್ಕ ತಪ್ಪುತ್ತದೆ. ಇಲ್ಲಿ ಆಗಿದ್ದೂ ಅದೇ. ಪ್ಯಾಟರ್ಸನ್ ಒಂದೊಂದನ್ನೇ ಪರೀಕ್ಷೆ ಮಾಡಿದರು. ಗಾಜಿನ ಪಾತ್ರೆಯಲ್ಲಿ ಸೀಸ. ನಲ್ಲಿಯ ನೀರಿನಲ್ಲಿ ಸೀಸ. ಗೋಡೆಯ ಬಣ್ಣದಲ್ಲಿ ಸೀಸ. ಅಂಗಡಿಯಿಂದ ತಂದ ಆಮ್ಲದಲ್ಲಿ ಸೀಸ. ತಮ್ಮದೇ ಬಟ್ಟೆ, ತಲೆಗೂದಲಿನಲ್ಲೂ ಸೀಸ. ಉಸಿರಾಡುವ ಗಾಳಿಯಲ್ಲಿ ಸೀಸದ ಧೂಳು. ಅವರ ಲೆಕ್ಕವನ್ನು ಕೆಡಿಸಿದ್ದು ಕಲ್ಲಲ್ಲ, ಸುತ್ತಲಿನ ಲೋಕ.

ಇನ್ನೊಬ್ಬರಾಗಿದ್ದರೆ ಈ ಕೆಲಸವೇ ಬೇಡ ಎಂದು ಬಿಡುತ್ತಿದ್ದರು. ಪ್ಯಾಟರ್ಸನ್ ಬಿಡಲಿಲ್ಲ. 1952ರಲ್ಲಿ ಗುರುವಿನ ಜೊತೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಗೆ ಬಂದರು. ಅಲ್ಲಿ ಧೂಳಿಲ್ಲದ ಪ್ರಯೋಗಶಾಲೆ ಕಟ್ಟಿದರು. ಒಳಗೆ ಬರುವ ಗಾಳಿಯನ್ನು ಸೋಸಿದರು. ನೆಲ, ಮೇಜು, ಪಾತ್ರೆ ಎಲ್ಲವನ್ನೂ ಮತ್ತೆ ಮತ್ತೆ ತೊಳೆದರು. ಆಮ್ಲವನ್ನು ತಾವೇ ಶುದ್ಧ ಮಾಡಿಕೊಂಡರು. ಒಳಗೆ ಬರುವವರು ಬೇರೆ ಬಟ್ಟೆ ತೊಟ್ಟು, ತಲೆ ಮುಚ್ಚಿಕೊಂಡು ಬರಬೇಕು. ಜಗತ್ತಿನಲ್ಲಿ ಇಂಥ ಅತಿ ಶುದ್ಧ ಪ್ರಯೋಗಶಾಲೆ ಕಟ್ಟಿದ ಮೊದಲಿಗರಲ್ಲಿ ಅವರು ಒಬ್ಬರು.

ಸಿಕ್ಕಿತು ವಯಸ್ಸು

1953ರಲ್ಲಿ ಕ್ಯಾನ್ಯನ್ ಡಯಾಬ್ಲೊ ಉಲ್ಕೆಯ ಸೀಸವನ್ನು ಬೇರ್ಪಡಿಸಿದರು. ಅದನ್ನು ಶಿಕಾಗೋ ಹತ್ತಿರದ ಆರ್ಗಾನ್ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಸೀಸದ ಬೇರೆ ಬೇರೆ ಬಗೆಗಳನ್ನು ತೂಕದ ಪ್ರಕಾರ ಬೇರೆ ಮಾಡಿ ತೋರಿಸುವ ದೊಡ್ಡ ಯಂತ್ರ ಇತ್ತು.

ಸೀಸದಲ್ಲಿ 4 ಬಗೆ ಇವೆ. ಅವುಗಳ ತೂಕದ ಅಂಕಿ 204, 206, 207, 208. ಇದರಲ್ಲಿ 206 ಮತ್ತು 207 ಯುರೇನಿಯಂನಿಂದ ಹುಟ್ಟಿ ಬೆಳೆಯುತ್ತವೆ. 208 ಥೋರಿಯಂ ಎಂಬ ಲೋಹದಿಂದ ಬರುತ್ತದೆ. 204 ಮಾತ್ರ ಯಾವುದರಿಂದಲೂ ಹುಟ್ಟುವುದಿಲ್ಲ, ಮೊದಲು ಇದ್ದಷ್ಟೇ ಇರುತ್ತದೆ. ಹಾಗಾಗಿ 204ಕ್ಕೆ ಹೋಲಿಸಿ 206, 207 ಎಷ್ಟು ಬೆಳೆದಿವೆ ಎಂದು ನೋಡಿದರೆ ಕಾಲ ತಿಳಿಯುತ್ತದೆ. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಗೀಟು ಹಾಕಿ ಮಕ್ಕಳ ಎತ್ತರ ನೋಡುತ್ತೇವಲ್ಲ, ಹಾಗೆ. ಗೋಡೆ ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ.

ಲೆಕ್ಕ ಬಂತು: ಸುಮಾರು 455 ಕೋಟಿ ವರ್ಷ.

ಅದಕ್ಕೂ ಮುಂಚೆ ಎಷ್ಟೋ ಜನ ಎಷ್ಟೋ ಅಂಕಿ ಹೇಳಿದ್ದರು. ಒಬ್ಬರು ಕೆಲವು ಕೋಟಿ ಎಂದರೆ ಇನ್ನೊಬ್ಬರು 300 ಕೋಟಿ ಎಂದಿದ್ದರು. ಗಟ್ಟಿಯಾದ ಉತ್ತರ ಆ ದಿನ ಈ ಒಬ್ಬ ಮನುಷ್ಯನ ಕೈಯಲ್ಲಿತ್ತು. ಪ್ಯಾಟರ್ಸನ್ ಅಲ್ಲಿಂದ ಅಯೋವಾದಲ್ಲಿದ್ದ ತಾಯಿಯ ಮನೆಗೆ ಹೋದರು. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತು ಎಂದರೆ, ತಮಗೆ ಹೃದಯಾಘಾತವೇ ಆಯಿತು ಎಂದು ತಿಳಿದು, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ತಾಯಿಗೆ ಹೇಳಿದರಂತೆ. ಅವರಿಗೆ ಆಗಿದ್ದು ಸಂತೋಷ!

ಅವರು ಅಷ್ಟಕ್ಕೇ ನಿಲ್ಲಲಿಲ್ಲ. 3 ಕಲ್ಲಿನ ಉಲ್ಕೆ, 2 ಕಬ್ಬಿಣದ ಉಲ್ಕೆ, ಹೀಗೆ 5 ಉಲ್ಕೆಗಳನ್ನು ಹೋಲಿಸಿದರು. ಎಲ್ಲವೂ ಒಂದೇ ವಯಸ್ಸು ಹೇಳಿದವು. ಸಮುದ್ರದ ತಳದ ಕೆಸರಿನ ಸೀಸವನ್ನು ನೋಡಿದರು. ಭೂಮಿಯ ಆ ಸೀಸವೂ ಅದೇ ಸಾಲಿಗೆ ಬಂದು ಕೂತಿತು. ಅಂದರೆ ಭೂಮಿಯೂ ಉಲ್ಕೆಗಳೂ ಒಂದೇ ಮೋಡದ, ಒಂದೇ ಕಾಲದ ಮಕ್ಕಳು. 1956ರಲ್ಲಿ ಇದನ್ನು ಪ್ರಕಟಿಸಿದರು. ಹೆಚ್ಚು ಕಡಿಮೆ 7 ಕೋಟಿ ವರ್ಷದ ವ್ಯತ್ಯಾಸ ಇರಬಹುದು ಎಂದೂ ಬರೆದರು.

ಇವತ್ತಿನ ಲೆಕ್ಕ ಸುಮಾರು 454 ಕೋಟಿ ವರ್ಷ. 1969ರಲ್ಲಿ ಮೆಕ್ಸಿಕೋ ದೇಶದ ಅಯೆಂಡೆ ಎಂಬಲ್ಲಿ ಬಿದ್ದ ಉಲ್ಕೆಯೊಳಗೆ ಬಿಳಿ ಚುಕ್ಕೆಗಳಂಥ ಕಣಗಳು ಸಿಕ್ಕವು. ಸೂರ್ಯನ ಸಂಸಾರದಲ್ಲಿ ಮೊದಲು ಗಟ್ಟಿಯಾದ ವಸ್ತು ಅಂಥ ಕಣಗಳೇ. ಅವುಗಳ ವಯಸ್ಸು ಸುಮಾರು 456 ಕೋಟಿ 70 ಲಕ್ಷ ವರ್ಷ. ಇಷ್ಟೆಲ್ಲ ಹೊಸ ಯಂತ್ರ ಬಂದರೂ ಪ್ಯಾಟರ್ಸನ್ ಹೇಳಿದ ಅಂಕಿ ಕದಲಿಲ್ಲ ನೋಡ್ರಿ. ಯಾಕೆ? ಅವರು ಧೂಳನ್ನು ಹೊರಗಿಟ್ಟು ಅಳೆದರು.

ಈ ಧೂಳು ಯಾರದು?

ಬೇರೆಯವರು ಇಲ್ಲಿಗೆ ಸಾಕು ಎನ್ನುತ್ತಿದ್ದರು. ಪ್ಯಾಟರ್ಸನ್ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿತ್ತು. ತಮ್ಮ ಪ್ರಯೋಗಶಾಲೆಯ ಗಾಳಿಗೆ ಇಷ್ಟೊಂದು ಸೀಸ ಬಂದದ್ದು ಎಲ್ಲಿಂದ?

ಅವರು ಸಮುದ್ರದ ನೀರು ನೋಡಿದರು. ಆಳದ ನೀರಿನಲ್ಲಿ ಸೀಸ ಕಡಿಮೆ, ಮೇಲಿನ ನೀರಿನಲ್ಲಿ ಹೆಚ್ಚು. ಮೇಲಿನ ನೀರು ಆಳಕ್ಕೆ ಇಳಿಯಲು ನೂರಾರು ವರ್ಷ ಬೇಕು. ಹಾಗಾದರೆ ಈ ಸೀಸ ಇತ್ತೀಚೆಗೆ ಮೇಲಿನಿಂದ ಬಿದ್ದದ್ದು. ಅವರ ಬೆರಳು ಪೆಟ್ರೋಲಿನ ಕಡೆ ತಿರುಗಿತು.

ಪೆಟ್ರೋಲಿಗೂ ಸೀಸಕ್ಕೂ ಏನು ಸಂಬಂಧ? 1921ರಲ್ಲಿ ಅಮೆರಿಕದ ಮೋಟಾರು ಕಂಪನಿಯೊಂದರ ಪ್ರಯೋಗಾಲಯದಲ್ಲಿ ಒಂದು ಉಪಾಯ ಕಂಡುಕೊಂಡರು. ಸೀಸ ಸೇರಿದ ಒಂದು ದ್ರವವನ್ನು ಪೆಟ್ರೋಲಿಗೆ ಬೆರೆಸಿದರೆ ಇಂಜಿನ್ ಟಕಟಕ ಎಂದು ಬಡಿದುಕೊಳ್ಳುವುದು ನಿಲ್ಲುತ್ತದೆ. 1923ರಿಂದ ಅದನ್ನು ಮಾರಲು ಶುರು ಮಾಡಿದರು. 1924ರಲ್ಲಿ ಆ ದ್ರವ ತಯಾರಿಸುವ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ 5 ಮಂದಿ ಕೆಲಸಗಾರರು ಬುದ್ಧಿ ಭ್ರಮಿಸಿ ಸತ್ತರು. ಮಾರಾಟ ಸ್ವಲ್ಪ ಕಾಲ ನಿಂತು, ಮತ್ತೆ ಶುರುವಾಯಿತು. ಮೋಟಾರಿನ ಹೊಗೆಯಲ್ಲಿ ಸೀಸ ಊರೂರಿಗೆ ಹರಡಿತು.

ಕಂಪನಿಗಳ ಪರವಾಗಿ ರಾಬರ್ಟ್ ಕೀಹೋ ಎಂಬ ವೈದ್ಯರು ಇದ್ದರು. ಎಲ್ಲರ ರಕ್ತದಲ್ಲೂ ಸ್ವಲ್ಪ ಸೀಸ ಇದ್ದೇ ಇರುತ್ತದೆ, ಅದು ಸಹಜ, ಒಂದು ಮಟ್ಟ ದಾಟಿದರೆ ಮಾತ್ರ ಅಪಾಯ ಎಂಬುದು ಅವರ ವಾದ. ಆ ವಿಷಯದಲ್ಲಿ 40 ವರ್ಷ ಅವರ ಮಾತೇ ನಡೆಯಿತು.

1965ರಲ್ಲಿ ಪ್ಯಾಟರ್ಸನ್ ಒಂದು ಲೇಖನ ಬರೆದರು. ಅದರ ತಿರುಳು ಇಷ್ಟು: ಎಲ್ಲರಲ್ಲೂ ಇದೆ ಎಂದ ಮಾತ್ರಕ್ಕೆ ಅದು ಸಹಜ ಅಲ್ಲ. ಇಡೀ ಊರು ಕೆಟ್ಟ ನೀರು ಕುಡಿದು ಎಲ್ಲರಿಗೂ ಹೊಟ್ಟೆನೋವು ಬಂದರೆ, ಹೊಟ್ಟೆನೋವು ಸಹಜ ಎನ್ನಲು ಆಗುತ್ತದೇನ್ರೀ? ಸಹಜ ಎಷ್ಟು ಎಂದು ತಿಳಿಯಬೇಕಾದರೆ ಸೀಸ ಅಗೆದು ತೆಗೆಯುವ ಮುಂಚಿನ ಕಾಲವನ್ನು ನೋಡಬೇಕು.

ಆ ಕಾಲವನ್ನು ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಹುಡುಕಿದರು. ಅಲ್ಲಿ ವರ್ಷ ವರ್ಷವೂ ಹಿಮ ಬಿದ್ದು ಪದರ ಪದರವಾಗಿ ನಿಲ್ಲುತ್ತದೆ. ಆಳಕ್ಕೆ ಹೋದಷ್ಟೂ ಹಳೆಯ ವರ್ಷ. ಒಂದೊಂದು ಪದರದಲ್ಲೂ ಆ ವರ್ಷದ ಗಾಳಿಯ ಧೂಳು ಸಿಕ್ಕಿಕೊಂಡಿರುತ್ತದೆ. ಹಿಮದ ದೊಡ್ಡ ದೊಡ್ಡ ಗಡ್ಡೆ ಕತ್ತರಿಸಿ, ಕೈ ಸೋಕದಂತೆ ತಂದು ಅಳೆದರು. 1969ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು 2,800 ವರ್ಷ ಹಿಂದಿನ ಹಿಮಕ್ಕಿಂತ ಆಗಿನ ಹೊಸ ಹಿಮದಲ್ಲಿ 200 ಪಟ್ಟಿಗೂ ಹೆಚ್ಚು ಸೀಸ. ಎಲ್ಲಕ್ಕಿಂತ ಜೋರಾಗಿ ಏರಿದ್ದು 1940ರ ನಂತರ. ಮುಂದೆ ಅವರು ಪೆರು ದೇಶದ ಪುರಾತನ ಸಮಾಧಿಗಳ ಎಲುಬುಗಳನ್ನೂ ಪರೀಕ್ಷಿಸಿದರು. ಆ ಕಾಲದವರ ಎಲುಬಿಗಿಂತ ಈಗಿನವರ ಎಲುಬಿನಲ್ಲಿ ನೂರಾರು ಪಟ್ಟು ಸೀಸ ಇತ್ತು.

ಸತ್ಯ ಹೇಳಿದ್ದಕ್ಕೆ ಬಿದ್ದ ಪೆಟ್ಟು

ಇದು ದೊಡ್ಡವರ ವ್ಯಾಪಾರಕ್ಕೆ ಕೈ ಹಾಕಿದ ಹಾಗಾಯಿತು. ಎಣ್ಣೆ ಕಂಪನಿಗಳ ಸಂಘದಿಂದ ಅವರ ಸಂಶೋಧನೆಗೆ ಬರುತ್ತಿದ್ದ ಹಣ ನಿಂತಿತು. ಸರ್ಕಾರದ ಆರೋಗ್ಯ ಇಲಾಖೆಯ ಒಪ್ಪಂದವೂ ಮುಂದುವರಿಯಲಿಲ್ಲ. 1971ರಲ್ಲಿ ಗಾಳಿಯ ಸೀಸದ ಬಗ್ಗೆ ವರದಿ ಮಾಡಲು ತಜ್ಞರ ಸಮಿತಿ ಆಯಿತು. ಆ ವಿಷಯ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಪ್ಯಾಟರ್ಸನ್ ಹೆಸರು ಅದರಲ್ಲಿ ಇರಲಿಲ್ಲ.

ಪ್ಯಾಟರ್ಸನ್ ಬೀದಿಗೆ ಇಳಿದು ಘೋಷಣೆ ಕೂಗಿದವರಲ್ಲ. ಅಳೆದರು, ಬರೆದರು, ಕೇಳಿದಲ್ಲಿ ಹೋಗಿ ಹೇಳಿದರು. 1966ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದರು. 1980ರಲ್ಲಿ ಡಬ್ಬಿಯ ಮೀನಿನ ಬಗ್ಗೆ ಬರೆದರು. ಸಮುದ್ರದ ತಾಜಾ ಮೀನಿಗಿಂತ, ಸೀಸದ ಬೆಸುಗೆ ಹಾಕಿದ ಡಬ್ಬಿಯ ಮೀನಿನಲ್ಲಿ ಸಾವಿರಾರು ಪಟ್ಟು ಸೀಸ ಇತ್ತು. ಅಂಥ ಡಬ್ಬಿಯನ್ನು ಅಮೆರಿಕ ಸರ್ಕಾರ 1995ರಲ್ಲಿ ನಿಷೇಧಿಸಿತು.

ಬೇರೆ ವೈದ್ಯರೂ ವಿಜ್ಞಾನಿಗಳೂ ಮಕ್ಕಳ ಮೇಲೆ ಸೀಸದ ಕೆಡುಕನ್ನು ತೋರಿಸಿಕೊಟ್ಟರು. ಕಾನೂನು ನಿಧಾನವಾಗಿ ಬದಲಾಯಿತು. 1975ರಿಂದ ಅಮೆರಿಕದ ಹೊಸ ಕಾರುಗಳಿಗೆ ಸೀಸ ಇಲ್ಲದ ಪೆಟ್ರೋಲ್ ಬಂತು. 1986ಕ್ಕೆ ಪೆಟ್ರೋಲಿನ ಸೀಸ ಬಹುಪಾಲು ಇಳಿಯಿತು. 1996ರಿಂದ ರಸ್ತೆಯ ವಾಹನಗಳಿಗೆ ಪೂರ್ತಿ ನಿಷೇಧ. 1976ರಿಂದ 1991ರ ಹೊತ್ತಿಗೆ ಅಲ್ಲಿನ ಜನರ ರಕ್ತದ ಸೀಸ ಮುಕ್ಕಾಲು ಪಾಲಿಗೂ ಹೆಚ್ಚು ಕಡಿಮೆ ಆಗಿತ್ತು. ಸಹಜ ಎನ್ನುತ್ತಿದ್ದದ್ದು ಸಹಜ ಅಲ್ಲ ಎಂದು ರಕ್ತವೇ ಸಾಕ್ಷಿ ಹೇಳಿತು.

ಪ್ಯಾಟರ್ಸನ್ 1995ರ ಡಿಸೆಂಬರ್ 5ರಂದು ತೀರಿಕೊಂಡರು. ಆಕಾಶದಲ್ಲಿ ಸುತ್ತುವ ಒಂದು ಕಿರುಗ್ರಹಕ್ಕೆ ಅವರ ಹೆಸರು ಇಟ್ಟಿದ್ದಾರೆ.

ನಮ್ಮ ದೇಶದಲ್ಲಿ 1995ರಲ್ಲಿ ಮೊದಲು 4 ಮಹಾನಗರಗಳಿಗೆ ಸೀಸ ಇಲ್ಲದ ಪೆಟ್ರೋಲ್ ಬಂತು. 2000ದಲ್ಲಿ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಪಂಪಿನ ಮೇಲೆ 'ಅನ್‌ಲೆಡೆಡ್' ಎಂದು ಬರೆದದ್ದನ್ನು ಕೆಲವರು ನೋಡಿರಬಹುದು. ಸೀಸ ಇಲ್ಲದ್ದು ಎಂದೇ ಅದರ ಅರ್ಥ. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ್ದು ಅಲ್ಜೀರಿಯಾ ದೇಶ, 2021ರಲ್ಲಿ.

ನಮ್ಮ ಮನೆಯ ಮಾತು

ಸೀಸ ಪೆಟ್ರೋಲಿನಿಂದ ಹೋಯಿತು, ಲೋಕದಿಂದ ಹೋಗಿಲ್ಲ. ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಕಳವಳಪಡುವಷ್ಟು ಸೀಸ ಇದೆ ಎಂದು ಯುನಿಸೆಫ್ 2020ರಲ್ಲಿ ಹೇಳಿತು. ಅಂದರೆ ಮೂವರು ಮಕ್ಕಳಲ್ಲಿ ಒಬ್ಬರಿಗೆ. ಸೀಸ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಮಗು ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ, ರಕ್ತ ಕಡಿಮೆ ಆಗುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಕೆಲವು ಮಾತು ನೆನಪಿನಲ್ಲಿಡ್ರಿ.

ಹಳೆಯ ಬ್ಯಾಟರಿಯನ್ನು ಮನೆ ಅಂಗಳದಲ್ಲಿ ಒಡೆಯಬೇಡಿ, ಕರಗಿಸಬೇಡಿ. ಟ್ರಾಕ್ಟರ್, ಇನ್ವರ್ಟರ್ ಬ್ಯಾಟರಿಯೊಳಗೆ ಇರುವುದು ಸೀಸವೇ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ವಾಪಸ್ ಕೊಡಿ. ಬ್ಯಾಟರಿ ಕೆಲಸ ಮಾಡುವವರು ಅದೇ ಬಟ್ಟೆಯಲ್ಲಿ ಬಂದು ಮಗುವನ್ನು ಎತ್ತಿಕೊಳ್ಳಬೇಡಿ. ಮೊದಲು ಕೈ ತೊಳೆದು ಬಟ್ಟೆ ಬದಲಿಸಿ.

ಬಾಗಿಲು, ಕಿಟಕಿ, ತೊಟ್ಟಿಲಿಗೆ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲಿನ ಬರಹ ಓದಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸದ ಮಿತಿ 10 ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2017ರ ನವೆಂಬರಿನಿಂದ ನಮ್ಮ ದೇಶದಲ್ಲಿದೆ. ಹಳೆಯ ಬಣ್ಣದ ಹಕ್ಕಳೆ ಉದುರುತ್ತಿದ್ದರೆ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಅರಿಶಿನ ಹಳದಿಯಾಗಿ ಹೊಳೆಯಲಿ ಎಂದು ಸೀಸದ ಬಣ್ಣ ಬೆರೆಸಿದ್ದು ಬಾಂಗ್ಲಾದೇಶದಲ್ಲಿ ಸಿಕ್ಕಿಬಿದ್ದು, ಅಲ್ಲಿನ ಸರ್ಕಾರ ಕ್ರಮ ತೆಗೆದುಕೊಂಡಿತು. ನಮ್ಮ ದೇಶದಲ್ಲೂ ಇಂಥ ಕಲಬೆರಕೆ ಕಂಡುಬಂದಿದೆ. ಬಿಡಿ ಪುಡಿಗಿಂತ ಅರಿಶಿನದ ಕೊಂಬು ತಂದು ಬೀಸಿಸಿಕೊಳ್ಳುವುದು ಲೇಸು.

ಇನ್ನೊಂದು ಮಾತು. ನಿಮ್ಮ ಕೈಯಲ್ಲಿರುವ ಪೆನ್ಸಿಲ್ಲಿಗೆ ಸೀಸದಕಡ್ಡಿ ಎಂದು ಹೆಸರು. ಹೆದರಬೇಡಿ, ಅದರಲ್ಲಿ ಸೀಸ ಇಲ್ಲ. ಇರುವುದು ಗ್ರಾಫೈಟ್, ಇದ್ದಿಲಿನ ಜಾತಿಯದು. ಧೈರ್ಯವಾಗಿ ಬರೆಯಿರಿ.

ಕೊನೆಗೆ ಒಂದೇ ಮಾತು. ಪ್ಯಾಟರ್ಸನ್ ತಮ್ಮ ಲೆಕ್ಕ ತಪ್ಪಿದಾಗ ಹಣೆಬರಹ ಎನ್ನಲಿಲ್ಲ, ಯಾಕೆ ತಪ್ಪಿತು ಎಂದು ಹುಡುಕಿದರು. ಎಲ್ಲರೂ ಸಹಜ ಎಂದದ್ದನ್ನು ಅಳೆದು ನೋಡಿದರು. ನಾವೂ ಈಗ ಓದು ಬಲ್ಲವರು. ಡಬ್ಬಿಯ ಮೇಲಿನ ಚೀಟಿ ಓದಬಹುದು, ಅಂಗಡಿಯವರನ್ನು ಕೇಳಬಹುದು, ಗ್ರಾಮಸಭೆಯಲ್ಲಿ ಎದ್ದು ನಿಂತು ಇದು ಏನು, ಯಾಕೆ ಎನ್ನಬಹುದು. ಕೇಳಲು ನಾಚಿಕೆ ಬೇಡ.

 

ಹೊಸ ಪದಗಳು

ಉಲ್ಕಾಶಿಲೆ: ಆಕಾಶದಿಂದ ನೆಲಕ್ಕೆ ಬಿದ್ದ ಕಲ್ಲು ಅಥವಾ ಕಬ್ಬಿಣದ ತುಂಡು.
ಯುರೇನಿಯಂ: ನಿಧಾನವಾಗಿ ಸೀಸವಾಗಿ ಬದಲಾಗುವ ಒಂದು ಲೋಹ.
ಖನಿಜ: ನೆಲದಲ್ಲಿ, ಕಲ್ಲಿನಲ್ಲಿ ಸಿಗುವ ವಸ್ತು.
ಪ್ರಯೋಗಶಾಲೆ: ಪರೀಕ್ಷೆ ಮಾಡಿ ನೋಡುವ ಜಾಗ.
ಕಲಬೆರಕೆ: ಒಳ್ಳೆಯ ಪದಾರ್ಥಕ್ಕೆ ಕೆಟ್ಟದ್ದನ್ನು ಬೆರೆಸುವುದು.

ಓದಿ, ಮಾತಾಡಿ

1. ಭೂಮಿಯ ವಯಸ್ಸು ತಿಳಿಯಲು ಭೂಮಿಯ ಕಲ್ಲು ಯಾಕೆ ಸಾಲಲಿಲ್ಲ?
2. ಎರಡು ಹಗೇವುಗಳ ಉದಾಹರಣೆಯನ್ನು ನಿಮ್ಮ ಮಾತಿನಲ್ಲಿ ಪಕ್ಕದವರಿಗೆ ಹೇಳಿ.
3. ಪ್ಯಾಟರ್ಸನ್ ಅವರ ಲೆಕ್ಕ ಮೊದಲು ಯಾಕೆ ತಪ್ಪುತ್ತಿತ್ತು?
4. ಎಲ್ಲರಲ್ಲೂ ಇರುವುದೆಲ್ಲ ಸಹಜವೇ? ನಿಮ್ಮ ಊರಿನ ಒಂದು ಉದಾಹರಣೆ ಕೊಡಿ.
5. ನಿಮ್ಮ ಮನೆಯಲ್ಲಿರುವ ಒಂದು ಡಬ್ಬಿಯ ಮೇಲಿನ ಬರಹವನ್ನು ಓದಿ, ಅದರಲ್ಲಿ ಏನೇನಿದೆ ಎಂದು ವಹಿಯಲ್ಲಿ ಬರೆದು ತನ್ನಿ.